ಕಾರಿನ ಬಾಗಿಲು ಮುನಿಸಿಕೊಂಡಾಗ

ಮಳೆಗಾಲದಲ್ಲಿ ಬಚ್ಚಲುಮನೆಯ ಬಾಗಿಲು ಉಬ್ಬಿಕೊಂಡು ಹೊಸ್ತಿಲಿಗೆ ಉಜ್ಜತೊಡಗಿದರೆ ನಾವು ಯಾರಿಗೂ ಕಾಯುವುದಿಲ್ಲ. ಎಲ್ಲಿ ತಾಗುತ್ತಿದೆ ಎಂದು ನೋಡುತ್ತೇವೆ, ಕೀಲಿಗೆ ಎರಡು ಹನಿ ಎಣ್ಣೆ ಬಿಡುತ್ತೇವೆ, ಅಂಚಿಗೆ ಮೇಣದಬತ್ತಿ ತಿಕ್ಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ಬಡಗಿಗೆ ಹೇಳಿ ಕಳಿಸುತ್ತೇವೆ. ಅದೇ ತಕರಾರನ್ನು ಕಾರಿನ ಬಾಗಿಲು ತೆಗೆದರೆ ಮಾತ್ರ, “ಅದು ಯಜಮಾನರ ಇಲಾಖೆ” ಎಂದು ಕೈಕಟ್ಟಿ ನಿಲ್ಲುತ್ತೇವೆ. ಯಜಮಾನರೋ, “ಆ ಕಡೆಯಿಂದ ಹತ್ತು” ಎಂದುಬಿಡುತ್ತಾರೆ. ಹೀಗೆ ಆ ಕಡೆಯಿಂದ ಹತ್ತುತ್ತಾ ಇಳಿಯುತ್ತಾ ಆರು ತಿಂಗಳು ಕಳೆದುಹೋಗುತ್ತದೆ!

ಕಳೆದ ಸಂಚಿಕೆಯಲ್ಲಿ ಮಿಕ್ಸಿ ಜಾರಿನ ರಿಪೇರಿ ಬಗ್ಗೆ ಬರೆದದ್ದನ್ನು ಮೆಚ್ಚಿಕೊಂಡು ತಿಪಟೂರಿನ ಕಡೆಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯ ಹಳೆಯ ಕಾರಿನ ಹಿಂದಿನ ಎಡಬಾಗಿಲು ಹೊರಗಿನಿಂದ ತೆರೆಯುತ್ತದಂತೆ, ಒಳಗಿನಿಂದ ತೆರೆಯುವುದಿಲ್ಲವಂತೆ. ಅಲ್ಲಿ ಕೂರುವವರು ಅವರ ಅತ್ತೆ, ಮಂಡಿನೋವಿನವರು. ದೇವಸ್ಥಾನದ ಮುಂದೆ ಎಲ್ಲರೂ ಇಳಿದುಹೋದ ಮೇಲೂ ಯಾರಾದರೂ ಬಂದು ತೆಗೆಯುವ ತನಕ ಕೂತೇ ಇರುತ್ತಾರಂತೆ. “ತೆಗೆಯೋಕೆ ನಾವಿದ್ದೀವಲ್ಲ ಅಂತಾರೆ ಮನೆಯವರು. ಇದು ಗ್ಯಾರೇಜಿಗೆ ಬಿಡುವಷ್ಟು ದೊಡ್ಡ ವಿಷಯವೇ?” ಎಂದು ಕೇಳಿದ್ದಾರೆ.

ದೊಡ್ಡ ವಿಷಯವೇ, ಅಕ್ಕಾ. ಕಾರಿನ ಬಾಗಿಲಿಗೆ ಎರಡೇ ಕೆಲಸ. ಓಡುವಾಗ ತೆರೆಯಬಾರದು, ಬೇಕೆಂದಾಗ ತೆರೆಯದೇ ಇರಬಾರದು. ಕಾರಿನೊಳಗೆ ಹೊಗೆ ತುಂಬಿದ ದಿನ, ಅಥವಾ ಕಾರು ರಸ್ತೆ ಬಿಟ್ಟು ಹಳ್ಳಕ್ಕಿಳಿದ ದಿನ, “ನಾವಿದ್ದೀವಲ್ಲ” ಅನ್ನುವವರು ಹೊರಗೆ ನಿಂತಿರುವುದಿಲ್ಲ. ಅವರೂ ಒಳಗೇ ಇರುತ್ತಾರೆ! ಆದರೆ ಹೆದರಬೇಡಿ. ಇಂಥ ಹತ್ತು ತೊಂದರೆಗಳಲ್ಲಿ ಕೆಲವು ನಮ್ಮ ಕೈಯಲ್ಲೇ ಸರಿಹೋಗುವಂಥವು. ಉಳಿದದ್ದನ್ನು ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಲು ಗೊತ್ತಿದ್ದರೂ ಸಾಕು, ಅರ್ಧ ಕೆಲಸ ಆದಂತೆಯೇ.

ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ ಅನ್ನುವವರಿಗೆ ಒಂದು ಕತೆ ಹೇಳಿ. ಕಾರನ್ನು ನಂಬಿಕೊಂಡು ಮೊದಲ ದೂರಪ್ರಯಾಣ ಮಾಡಿದ್ದು ಒಬ್ಬ ಹೆಂಗಸು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಝ್ ಎಂಬಾಕೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಝ್ ಮಾಡಿದ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಅದನ್ನು ಬಿಡಿಸಿದ್ದು ಆಕೆಯ ಟೋಪಿಯ ಸೂಜಿ! ಇನ್ನು ನಾವು ಬಾಗಿಲಿಗೆ ಹೆದರುವುದೇ?

ಬಾಗಿಲಿನಲ್ಲಿ ಏನೇನಿದೆ?

ಬಾಗಿಲು ತೆರೆದು ಅದರ ದಪ್ಪ ಅಂಚನ್ನು ನೋಡಿ. ಸೀಳಿನೊಳಗೆ ಒಂದು ಉಕ್ಕಿನ ಕೊಕ್ಕೆ ಕಾಣುತ್ತದೆ. ಇದೇ ಬಾಗಿಲಿನ ಚಿಲಕ, ಗ್ಯಾರೇಜಿನವರು ‘ಡೋರ್ ಲಾಕ್’ ಅನ್ನುತ್ತಾರೆ. ಅದಕ್ಕೆ ಎದುರಾಗಿ ಕಾರಿನ ಕಂಬದ ಮೇಲೆ ಎರಡು ತಿರುಪು ಹಾಕಿ ಕೂರಿಸಿದ ಬಳೆಯ ತುಂಡಿನಂಥ ಕೊಂಡಿ ಇದೆ. ಅದು ‘ಸ್ಟ್ರೈಕರ್’. ಬಾಗಿಲು ಹಾಕಿದಾಗ ಕೊಕ್ಕೆ ತಿರುಗಿ ಕೊಂಡಿಯನ್ನು ಅಪ್ಪಿಕೊಳ್ಳುತ್ತದೆ. ಕಿವಿಗೊಟ್ಟು ಕೇಳಿದರೆ ಎರಡು ಸಲ ಟಿಕ್ ಟಿಕ್ ಎನ್ನುತ್ತದೆ. ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ ಹಿಡಿತ. ಅರ್ಧ ಹಿಡಿತದಲ್ಲಿ ಬಾಗಿಲು ಮುಚ್ಚಿದ ಹಾಗೆ ಕಂಡರೂ ಅಂಚು ಸ್ವಲ್ಪ ಹೊರಗೆ ನಿಂತಿರುತ್ತದೆ, ಓಡುವಾಗ ಗಡಗಡ ಸದ್ದು ಬರುತ್ತದೆ.

ಬಾಗಿಲಿನ ಇನ್ನೊಂದು ಅಂಚಿನಲ್ಲಿ ಮೇಲೊಂದು ಕೆಳಗೊಂದು ಕೀಲು. ನಡುವೆ ಬಾಗಿಲನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಒಂದು ಪಟ್ಟಿ. ಸುತ್ತಲೂ ನೀರು, ಧೂಳು ತಡೆಯುವ ರಬ್ಬರ್ ಬೀಡಿಂಗ್. ಹಿಡಿಯಿಂದ ಕೊಕ್ಕೆಯವರೆಗೆ ಬಾಗಿಲಿನ ಹೊಟ್ಟೆಯೊಳಗೆ ತೆಳ್ಳಗಿನ ಕಂಬಿ ಅಥವಾ ಕೇಬಲ್ ಹಾದುಹೋಗುತ್ತದೆ. ಒಟ್ಟಿನಲ್ಲಿ ಇಷ್ಟೇ ಸಂಸಾರ.

ತೆರೆಯದ ಬಾಗಿಲು

ಈಗ ತಿಪಟೂರಿನ ಅತ್ತೆಯವರ ಬಾಗಿಲಿಗೆ ಬರೋಣ. ಹಿಂದಿನ ಬಾಗಿಲು ಹೊರಗಿನಿಂದ ತೆರೆದು ಒಳಗಿನಿಂದ ತೆರೆಯದಿದ್ದರೆ ಮೊದಲ ಅನುಮಾನ ಚೈಲ್ಡ್ ಲಾಕಿನ ಮೇಲೆ. ಓಡುವ ಕಾರಿನಲ್ಲಿ ಮಕ್ಕಳು ಬಾಗಿಲು ತೆಗೆಯಬಾರದೆಂದು ಇಟ್ಟಿರುವ ಏರ್ಪಾಡು ಇದು. ಹಿಂದಿನ ಬಾಗಿಲುಗಳಲ್ಲಿ ಮಾತ್ರ ಇರುತ್ತದೆ. ಬಾಗಿಲ ಅಂಚಿನಲ್ಲಿ, ಕೊಕ್ಕೆಯ ಹತ್ತಿರ, ಉಗುರಿನಷ್ಟು ಗಾತ್ರದ ಗುಂಡಿಯೋ ಕೀ ಹಾಕಿ ತಿರುಗಿಸುವ ಸೀಳೋ ಇರುತ್ತದೆ, ಪಕ್ಕದಲ್ಲಿ ಮಗುವಿನ ಚಿತ್ರವೂ ಇರಬಹುದು. ಹಿಂದೆ ಯಾವತ್ತೋ ಮೊಮ್ಮಕ್ಕಳಿಗೆಂದು ಹಾಕಿದ್ದನ್ನು, ಅಥವಾ ಕಾರು ತೊಳೆಯುವ ಹುಡುಗನ ಬಟ್ಟೆ ತಾಗಿ ಸರಿದದ್ದನ್ನು ಯಾರೂ ಗಮನಿಸಿರುವುದಿಲ್ಲ. ಸರಿಸಿ ನೋಡಿ. ಪರೀಕ್ಷೆ ಮಾಡುವಾಗ ಕಿಟಕಿಯ ಗಾಜು ಇಳಿಸಿರಲಿ. ತೆರೆಯದಿದ್ದರೆ ಹೊರಗೆ ಕೈ ಚಾಚಿ ತೆಗೆದುಕೊಳ್ಳಬಹುದು.

ಅದು ಸರಿಯಾಗಿಯೇ ಇದ್ದರೆ? ಬಾಗಿಲ ಲಾಕ್ ತೆಗೆದಿದೆಯೇ ಎಂದು ನೋಡಿಕೊಂಡು, ಒಳಗಿನ ಹಿಡಿಯನ್ನು ಎಳೆದು ಕೈಗೆ ಏನು ಅನ್ನಿಸುತ್ತದೆ ಎಂದು ಗಮನಿಸಿ. ಸಡಿಲವಾಗಿ, ಪ್ರಾಣವಿಲ್ಲದ ಹಾಗೆ ಬಂದರೆ ಒಳಗೆ ಕೇಬಲ್ ಕಳಚಿದೆ ಅಥವಾ ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. ಬಿಗಿಯಾಗಿದ್ದು ಕೊಕ್ಕೆ ಮಾತ್ರ ಬಿಡುತ್ತಿಲ್ಲವಾದರೆ ಕೊಕ್ಕೆಯಲ್ಲಿ ಜಿಡ್ಡು ಧೂಳು ಕಟ್ಟಿಕೊಂಡಿದೆ. ಮೊದಲನೆಯದು ಮೆಕ್ಯಾನಿಕ್ ಕೆಲಸ, ಎರಡನೆಯದು ನಮ್ಮದು.

ಒಳಗಿನಿಂದ ತೆರೆದು ಹೊರಗಿನಿಂದ ತೆರೆಯದಿದ್ದರೆ ತಪ್ಪು ಹೊರಹಿಡಿಯದ್ದು. ಅದು ಸೀಳಿದೆಯೇ, ಅಲ್ಲಾಡುತ್ತದೆಯೇ ನೋಡಿ. ಬಾಗಿಲು ತೆರೆಯುತ್ತಿರುವಾಗಲೇ ಗ್ಯಾರೇಜಿಗೆ ಕೊಡಿ. ಒಳಗಿನ ಹಲಗೆ ಬಿಚ್ಚಬೇಕಾದರೆ ಬಾಗಿಲು ತೆರೆದಿರಬೇಕು. ಎರಡೂ ಕಡೆಯಿಂದ ಮುಚ್ಚಿಹೋದ ಮೇಲೆ ಅದೇ ಕೆಲಸಕ್ಕೆ ಸಮಯವೂ ಹೆಚ್ಚು, ಖರ್ಚೂ ಹೆಚ್ಚು.

ಒಳಗಿಂದಲೂ ಇಲ್ಲ, ಹೊರಗಿಂದಲೂ ಇಲ್ಲ ಅಂದರೆ ಇಬ್ಬರು ಸೇರಿ ಮಾಡುವ ಉಪಾಯವೊಂದಿದೆ. ಒಬ್ಬರು ಹೊರಗೆ ನಿಂತು ಹಿಡಿಯ ಹತ್ತಿರ ಅಂಗೈ ಊರಿ ಬಾಗಿಲನ್ನು ಒಳಕ್ಕೆ ಒತ್ತಲಿ. ಅದೇ ಹೊತ್ತಿಗೆ ಒಳಗಿರುವವರು ಹಿಡಿ ಎಳೆಯಲಿ. ಒತ್ತಿದಾಗ ಕೊಂಡಿಯ ಮೇಲಿನ ಬಿಗಿ ಸಡಿಲಿ ಕೊಕ್ಕೆ ಎಷ್ಟೋ ಸಲ ಬಿಟ್ಟುಕೊಡುತ್ತದೆ. ಹೀಗೆ ತೆರೆದರೆ ಅದು ವಾಸಿಯಾಯಿತೆಂದಲ್ಲ, ಗ್ಯಾರೇಜಿಗೆ ಹೋಗುವ ದಾರಿ ತೆರೆಯಿತು ಅಷ್ಟೆ. ಬಗ್ಗದಿದ್ದರೆ ಬಲಪ್ರಯೋಗ ಬೇಡ. ಗಾಜಿನ ಸಂದಿಯಲ್ಲಿ ಸ್ಕೇಲು, ತಂತಿ ತೂರಿಸಿ ಕೆದಕುವುದು ಹಿಂದಿನ ಕಾಲದ ಚಾಳಿ. ಈಗಿನ ಬಾಗಿಲೊಳಗೆ ಕಿಟಕಿಯ ಮೋಟರು, ವಿದ್ಯುತ್ ತಂತಿ ಎಲ್ಲ ಇರುತ್ತವೆ. ಒಂದು ಬಿಡಿಸಲು ಹೋಗಿ ನಾಲ್ಕು ಕೆಡುತ್ತದೆ.

ರಿಮೋಟ್ ಒತ್ತಿದರೂ ಬಾಗಿಲು ತೆರೆಯದಿದ್ದರೆ ರಿಮೋಟಿನೊಳಗಿನ ಗುಂಡಿಯಾಕಾರದ ಸೆಲ್ ಮುಗಿದಿರಬಹುದು. ಅನೇಕ ಕಾರುಗಳಿಗೆ ಕೈಗಡಿಯಾರದ ಅಂಗಡಿಯಲ್ಲೇ ಸಿಗುವ 2032 ಸಂಖ್ಯೆಯ ಸೆಲ್ ಆಗುತ್ತದೆ. ಹಳೆಯದನ್ನೇ ತೋರಿಸಿ ಕೊಳ್ಳಿ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಾಯಿಗೆ ಹಾಕದಂತೆ ಜೋಪಾನ. ಅಲ್ಲಿಯವರೆಗೆ ಕೀಯಿಂದಲೇ ತೆಗೆಯಿರಿ. ಕೀ ಕಾಣದ ರಿಮೋಟುಗಳಲ್ಲೂ ಹೊಟ್ಟೆಯೊಳಗೆ ಒಂದು ಪುಟ್ಟ ಲೋಹದ ಕೀ ಅಡಗಿರುವುದುಂಟು. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ.

ಮುಚ್ಚದ ಬಾಗಿಲು

ಬಾಗಿಲು ಹಾಕಿದರೆ ಠಣ್ ಎಂದು ವಾಪಸು ಬರುತ್ತಿದೆಯೇ? ಮತ್ತೆ ಮತ್ತೆ ಬಡಿಯಬೇಡಿ. ಕೊಕ್ಕೆಯನ್ನು ನೋಡಿ. ಬಾಗಿಲು ತೆರೆದಿರುವಾಗಲೇ ಯಾವುದೋ ವಸ್ತು ತಾಗಿ ಅದು ಮುಚ್ಚಿದ ಸ್ಥಿತಿಗೆ ತಿರುಗಿರುತ್ತದೆ. ಬಾಯಿ ಮುಚ್ಚಿಕೊಂಡ ಕೊಕ್ಕೆಯೊಳಗೆ ಕೊಂಡಿ ಹೋಗುವುದೆಲ್ಲಿಂದ? ಬಾಗಿಲ ಲಾಕ್ ತೆಗೆದು, ಒಂದು ಕೈಯಲ್ಲಿ ಹೊರಹಿಡಿಯನ್ನು ಎಳೆದು ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಕೊಕ್ಕೆಯನ್ನು ತೆರೆಯುವ ದಿಕ್ಕಿಗೆ ಮೆಲ್ಲಗೆ ತಳ್ಳಿ. ಟಕ್ ಎಂದು ತೆರೆದುಕೊಂಡರೆ ಆಯ್ತು, ಒಂದು ರೂಪಾಯಿ ಖರ್ಚಿಲ್ಲದ ರಿಪೇರಿ!

ಕೊಕ್ಕೆ ಆರೋಗ್ಯವಾಗಿದೆಯೇ ಎಂದು ತಿಳಿಯಲೂ ಇದೇ ಪರೀಕ್ಷೆ. ಬಾಗಿಲು ತೆರೆದಿಟ್ಟು ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒತ್ತಿ. ಎರಡು ಸಲ ಟಿಕ್ ಎನ್ನಬೇಕು. ಹಿಡಿ ಎಳೆದರೆ ಪಟ್ಟನೆ ಬಿಚ್ಚಿಕೊಳ್ಳಬೇಕು. ಮಂದವಾಗಿ ತೆವಳಿದರೆ ಜಿಡ್ಡು ಕಟ್ಟಿದೆ. ಹಿಡಿದು ನಿಲ್ಲದೆ ತಾನಾಗಿ ಜಾರಿದರೆ ಮಾತ್ರ ಆ ಬಾಗಿಲ ಪಕ್ಕ ಯಾರನ್ನೂ ಕೂರಿಸಿ ಊರು ಬಿಡಬೇಡಿ. ಹಗ್ಗ ಕಟ್ಟಿಕೊಂಡು ಹೋಗೋಣ ಅನ್ನುವವರ ಮಾತು ಕೇಳಬೇಡಿ. ತಿರುವಿನಲ್ಲಿ ಬಾಗಿಲು ಬಿಚ್ಚಿದರೆ ಆಚೆ ಬೀಳುವುದು ಅಂಚಿಗೆ ಕೂತ ಮಗು. ಗ್ಯಾರೇಜಿನವರೆಗೆ ಹೋಗಲೇಬೇಕಾದರೆ ಆ ಸೀಟು ಖಾಲಿ ಇರಲಿ, ಉಳಿದವರೆಲ್ಲ ಬೆಲ್ಟ್ ಹಾಕಿಕೊಂಡಿರಲಿ, ಕಾರು ನಿಧಾನಕ್ಕೆ ಹೋಗಲಿ. ಕೆಟ್ಟದ್ದು ಚಾಲಕರ ಬಾಗಿಲೇ ಆಗಿದ್ದರೆ ಕಾರು ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ಇನ್ನು ಬಾಗಿಲು ಮುಚ್ಚುತ್ತದೆ, ಆದರೆ ಧಡಾರ್ ಎಂದು ಬಡಿದರೆ ಮಾತ್ರ. ಅಂಬಾಸಿಡರ್ ಕಾಲದಲ್ಲಿ ಬಾಗಿಲು ಹಾಕಿದರೆ ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತರೂ ನಮ್ಮ ಹಿರಿಯರ ಕೈಯಿಂದ ಆ ಅಭ್ಯಾಸ ಹೋಗಿಲ್ಲ. ಈಗಿನ ಬಾಗಿಲಿಗೆ ಅಷ್ಟು ಶಕ್ತಿ ಬೇಕಿಲ್ಲ. ಬಡಿಯಲೇಬೇಕು ಅನ್ನಿಸಿದರೆ ಕಾರಣ ಹುಡುಕಿ.

ಮೊದಲು ಒಂದು ಕಿಟಕಿಯನ್ನು ನಾಲ್ಕು ಬೆರಳು ಇಳಿಸಿ ಬಾಗಿಲು ಹಾಕಿ. ಹಗುರವಾಗಿ ಮುಚ್ಚಿದರೆ ದೋಷವೇನೂ ಇಲ್ಲ, ಎಲ್ಲ ಗಾಜು ಮುಚ್ಚಿದ್ದರಿಂದ ಒಳಗಿನ ಗಾಳಿ ಎದುರು ಒತ್ತುತ್ತಿತ್ತು ಅಷ್ಟೆ. ಹಾಗೂ ಮುಚ್ಚದಿದ್ದರೆ ರಬ್ಬರ್ ಬೀಡಿಂಗ್ ಎಲ್ಲಾದರೂ ಕಿತ್ತು ಸುರುಳಿಯಾಗಿದೆಯೇ ನೋಡಿ. ಕೈಯಿಂದಲೇ ಅದರ ಜಾಗಕ್ಕೆ ಒತ್ತಿ ಕೂರಿಸಬಹುದು. ಹೊಸದಾಗಿ ಹಾಕಿಸಿದ ಬೀಡಿಂಗ್ ಕೆಲವು ದಿನ ಬಿಗಿಯಾಗಿಯೇ ಇರುತ್ತದೆ. ಸೀಟ್ ಬೆಲ್ಟಿನ ತುದಿ, ಸೀರೆಯ ಸೆರಗು, ಕಾಲೊರಸಿನ ಅಂಚು ಸಿಕ್ಕಿಕೊಂಡಿದೆಯೇ ಎಂದೂ ನೋಡಿ.

ಆಮೇಲೆ ಕೀಲಿನ ಪರೀಕ್ಷೆ. ಬಾಗಿಲನ್ನು ಅರ್ಧ ತೆರೆದು ಅದರ ತುದಿಯನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ. ಕೊಕ್ ಕೊಕ್ ಎಂದು ಮೇಲೆ ಕೆಳಗೆ ಆಡಿದರೆ ಕೀಲು ಸವೆದು ಬಾಗಿಲು ಜೋತಿದೆ ಎಂದರ್ಥ. ಇಳಿಯುವಾಗ ತೆರೆದ ಬಾಗಿಲಿಗೇ ಮೈಭಾರ ಹಾಕಿ ಏಳುವುದು, ಮಕ್ಕಳು ಅದಕ್ಕೆ ಜೋತುಬೀಳುವುದು, ಇವೆಲ್ಲ ಇದಕ್ಕೆ ಕಾರಣ. ಹಿರಿಯರಿಗೆ ಬಾಗಿಲ ಬದಲು ನಮ್ಮ ತೋಳು ಕೊಡೋಣ. ಕೀಲು ಬದಲಿಸಿ ಬಾಗಿಲು ಎತ್ತಿ ಕೂರಿಸುವುದು ಟಿಂಕರಿಂಗ್ ಮಾಡುವವರ ಕೆಲಸ.

ಕೀಲು ಗಟ್ಟಿಯಾಗಿದ್ದರೆ ಕೊಂಡಿಯನ್ನು ನೋಡಿ. ಮೇಲೋ ಕೆಳಗೋ ಒಂದೇ ಕಡೆ ಉಜ್ಜಿ ಹೊಳೆಯುತ್ತಿದ್ದರೆ ಅದು ಜಾಗ ಬದಲಿಸಿದೆ. ಅದರ ತಿರುಪುಗಳನ್ನು ಸಡಿಲಿಸಿ ಸರಿಸಬಹುದು, ಆದರೆ ಇದು ಕೂದಲೆಳೆಯ ಲೆಕ್ಕ. ಕೈ ಪಳಗಿದವರು ಮೊದಲು ಕೊಂಡಿಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಪೂರ್ತಿ ಬಿಚ್ಚದೆ, ಒಂದು ಮಿಲಿಮೀಟರಿನಷ್ಟು ಮಾತ್ರ ತಟ್ಟಿ ಸರಿಸಿ, ಮತ್ತೆ ಭದ್ರವಾಗಿ ಬಿಗಿಯುತ್ತಾರೆ. ಧೈರ್ಯವಿಲ್ಲದವರು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು. ಸರಿಯಾಯಿತೇ ಎಂದು ನೋಡಲು ಒಂದು ಕಾಗದದ ಪಟ್ಟಿಯನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಎಲ್ಲ ಕಡೆಯೂ ಒಂದೇ ಸಮ ಹಿಡಿದಂತಿರಬೇಕು. ಸಲೀಸಾಗಿ ಜಾರುವ ಕಡೆ ನಾಳೆ ಮಳೆನೀರೂ ಜಾರುತ್ತದೆ.

ಮಳೆ, ಬಿಸಿಲು, ಧೂಳು

ಬಾಗಿಲ ಅಡಿಯಂಚಿನಲ್ಲಿ ಎರಡು ಮೂರು ಸಣ್ಣ ತೂತುಗಳಿವೆ, ನೋಡಿದ್ದೀರಾ? ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಗೆ ಹೋಗಲು ಮಾಡಿದ ದಾರಿ ಅವು. ಧೂಳು, ಎಲೆಚೂರು ಸೇರಿ ಮುಚ್ಚಿಕೊಂಡರೆ ನೀರು ಬಾಗಿಲ ಹೊಟ್ಟೆಯಲ್ಲೇ ನಿಂತು ತುಕ್ಕು ಹಿಡಿಸುತ್ತದೆ. ಬಾಗಿಲು ತೆಗೆದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ತೆಂಗಿನ ಪೊರಕೆಯ ಕಡ್ಡಿಯೊಂದನ್ನು ತಂದು ತೂತನ್ನು ಬಿಡಿಸಿ. ಮಲೆನಾಡಿನವರು, ಉಪ್ಪುಗಾಳಿಯ ಕರಾವಳಿಯವರು ಮಳೆಗಾಲಕ್ಕೆ ಮೊದಲೊಮ್ಮೆ, ಮಧ್ಯೆ ಒಮ್ಮೆ ಇದನ್ನು ತಪ್ಪಿಸಬಾರದು. ಬಯಲುಸೀಮೆಯವರಿಗೆ ನೀರಿಗಿಂತ ಧೂಳಿನ ಕಾಟ ಹೆಚ್ಚು. ಅದು ಕೊಕ್ಕೆಯ ಹಳೆಯ ಗ್ರೀಸಿಗೆ ಅಂಟಿ ಅಂಬಲಿಯಂತಾಗುತ್ತದೆ. ಬೇಸಿಗೆಯಲ್ಲಿ ಕಾದ ರಬ್ಬರು ಬಾಗಿಲಿಗೆ ಅಂಟಿಕೊಂಡರೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಸವರಿ.

ಯಾವುದಕ್ಕೆ ಯಾವ ಎಣ್ಣೆ?

ಅಡಿಗೆಮನೆಯ ಎಣ್ಣೆ ಯಾವುದೂ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆಂದು ಚಳಿಗಾಲದ ಬೆಳಿಗ್ಗೆ ತಲೆಗೆ ಹಚ್ಚಲು ಹೊರಟವರಿಗೆಲ್ಲ ಗೊತ್ತು. ಕೊಕ್ಕೆಯೊಳಗೂ ಅದು ಹಾಗೆಯೇ ಹೆಪ್ಪುಗಟ್ಟುತ್ತದೆ. ಕಡಲೆಕಾಯಿ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ.

ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ಕೊಕ್ಕೆ ಮತ್ತು ತಡೆಯುವ ಪಟ್ಟಿಗೆ, ಹಳೆಯ ಜಿಡ್ಡನ್ನು ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತೆಗೆದು, ಬಟಾಣಿ ಗಾತ್ರದ ಬಿಳಿ ಗ್ರೀಸ್. ಸುತ್ತ ಮೆತ್ತಿಕೊಂಡದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಸೀರೆಗೆ ಹತ್ತುತ್ತದೆ. ಕೀ ತೂತಿಗೆ ಎಣ್ಣೆ ಹಾಕಬಾರದು. ಮಕ್ಕಳ ಪೆನ್ಸಿಲನ್ನು ಕೀ ಮೇಲೆ ಚೆನ್ನಾಗಿ ಉಜ್ಜಿ ಒಳಗೆ ಹಾಕಿ ನಾಲ್ಕು ಸಲ ತಿರುಗಿಸಿ, ಆ ಕಪ್ಪು ಪುಡಿಯೇ ಅಲ್ಲಿಗೆ ಎಣ್ಣೆ. ರಬ್ಬರಿಗೆ ಸೀಮೆಎಣ್ಣೆ, ಪೆಟ್ರೋಲು ಸೋಕಿಸಲೇಬೇಡಿ, ಅದು ಉಬ್ಬಿ ಹಾಳಾಗುತ್ತದೆ.

ಒಳಗೆ ಮಗು, ಬಾಗಿಲು ಬಂದ್

ಇದನ್ನು ದಯವಿಟ್ಟು ಎರಡು ಸಲ ಓದಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ ಹೊರಗಿಗಿಂತ ಸುಮಾರು 18 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಏರಬಹುದು. ಗಾಜನ್ನು ಎರಡು ಬೆರಳು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ಎಳೆಯ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಕಣ್ಣಾಮುಚ್ಚಾಲೆ ಆಡುತ್ತಾ ಮಕ್ಕಳು ನಿಂತ ಕಾರಿನ ಹಿಂದಿನ ಸೀಟಿಗೆ ನುಗ್ಗಿ ಬಾಗಿಲೆಳೆದುಕೊಂಡರೆ ಚೈಲ್ಡ್ ಲಾಕ್ ಅವರನ್ನು ಒಳಗೇ ಕೂಡಿಹಾಕುತ್ತದೆ. ಆದ್ದರಿಂದ ಮನೆಯ ಮುಂದೆ ನಿಂತಿದ್ದರೂ ಕಾರಿಗೆ ಬೀಗ ಇರಲಿ, ಕೀ ಮಕ್ಕಳ ಕೈಗೆಟುಕದ ಮೊಳೆಯಲ್ಲಿರಲಿ. ನಾಲ್ಕೈದು ವರ್ಷದ ಮಗುವಿಗೆ ಆಟದಂತೆ ಕಲಿಸಿ: “ಸಿಕ್ಕಿಕೊಂಡರೆ ಸೀಟಿನ ನಡುವೆ ನುಸುಳಿ ಮುಂದೆ ಬಾ. ಮುಂದಿನ ಬಾಗಿಲು ತೆಗಿ. ಆಗದಿದ್ದರೆ ಹಾರ್ನ್ ಒತ್ತುತ್ತಾ ಇರು.” ಮುಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇಲ್ಲ, ಬಹುತೇಕ ಕಾರುಗಳಲ್ಲಿ ಕೀ ಇಲ್ಲದೆಯೂ ಹಾರ್ನ್ ಕೂಗುತ್ತದೆ.

ಮಗು ಒಳಗೆ, ಕೀ ಸಹ ಒಳಗೆ ಎಂದಾದರೆ ಇನ್ನೊಂದು ಕೀ ತರಿಸಿ, 112ಕ್ಕೆ ಫೋನ್ ಮಾಡಿ. ಮಗು ಬೆವತು ಸುಸ್ತಾದಂತೆ ಕಂಡರೆ, ಅಥವಾ ಕೀ ಬರುವುದು ತಡವೆಂದರೆ ಕಾಯಬೇಡಿ. ಮಗುವಿನಿಂದ ದೂರವಿರುವ ಪಕ್ಕದ ಕಿಟಕಿಯ ಗಾಜನ್ನು, ನಡುವೆ ಅಲ್ಲ, ಮೂಲೆಯಲ್ಲಿ, ಚೂಪಾದ ಗಟ್ಟಿ ಲೋಹದಿಂದ ಹೊಡೆಯಿರಿ. ಮುಖ ತಿರುಗಿಸಿಕೊಳ್ಳಿ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಸಾಮಾನ್ಯವಾಗಿ ಪಕ್ಕದ ಗಾಜು ಸಣ್ಣ ಹರಳುಗಳಾಗಿ ಉದುರುತ್ತದೆ. ಮುಂದಿನ ದೊಡ್ಡ ಗಾಜನ್ನು ಒಡೆಯಲು ಹೋಗಿ ಹೊತ್ತು ಕಳೆಯಬೇಡಿ, ಅದು ಪದರದ ಗಾಜು, ಸುಲಭಕ್ಕೆ ಬಿಡುವುದಿಲ್ಲ. ಗಾಜಿನ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ಆಮೇಲೆ ಉತ್ತರ ಕೊಟ್ಟರಾಯಿತು.

2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ವಿದ್ಯುತ್ ಕೈಕೊಟ್ಟರೂ ಬಾಗಿಲ ಲಾಕನ್ನು ಕೈಯಿಂದ ತೆಗೆಯುವ ಏರ್ಪಾಡು ಕಡ್ಡಾಯವಾಗಿದೆ. ನಿಮ್ಮ ಕಾರಿನಲ್ಲಿ ಅದು ಹೇಗೆ ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ, ಮನೆಮಂದಿಗೆಲ್ಲ ಒಮ್ಮೆ ತೋರಿಸಿ.

ತಿಂಗಳಿಗೆ ಹತ್ತು ನಿಮಿಷ

• ಪ್ರತಿ ಬಾಗಿಲನ್ನೂ ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ ತೆರೆದು ನೋಡಿ. ನಾವು ಬಳಸದ ಬಾಗಿಲೇ ಮೊದಲು ಕೆಡುವುದು.
• ಹಾಕುವಾಗ ಎರಡು ಟಿಕ್ ಕೇಳಿಸಿಕೊಳ್ಳಿ. ಅಂಚು ಸಮವಾಗಿದೆಯೇ ನೋಡಿ.
• ಚೈಲ್ಡ್ ಲಾಕ್ ಹಾಕಿದೆಯೋ ತೆಗೆದಿದೆಯೋ ಗೊತ್ತಿರಲಿ.
• ಅಡಿಯ ತೂತುಗಳಿಗೆ ಕಡ್ಡಿ, ಬೀಡಿಂಗಿಗೆ ಒದ್ದೆ ಬಟ್ಟೆ. ಮೂರು ತಿಂಗಳಿಗೊಮ್ಮೆ ಕೀಲಿಗೆ ಎಣ್ಣೆ.
• ಬಾಗಿಲು ಹಾಕುವ ಮುನ್ನ “ಕೈ ತೆಗಿ” ಎನ್ನುವ ಅಭ್ಯಾಸ ಎಲ್ಲರಿಗೂ ಇರಲಿ. ಸಂದಿಗೆ ಸಿಕ್ಕಿದ ಪುಟ್ಟ ಬೆರಳಿಗೆ ಯಾವ ಗ್ಯಾರೇಜೂ ಇಲ್ಲ.

ಗ್ಯಾರೇಜಿಗೆ ಹೋದಾಗ “ಬಾಗಿಲು ಸರಿಯಿಲ್ಲ” ಎಂದಷ್ಟೇ ಹೇಳಿ ಬರಬೇಡಿ. “ಹಿಂದಿನ ಎಡಬಾಗಿಲು, ಒಳಗಿನಿಂದ ತೆರೆಯಲ್ಲ, ಹೊರಗಿನಿಂದ ತೆರೆಯುತ್ತೆ, ಚೈಲ್ಡ್ ಲಾಕ್ ತೆಗೆದಿದೆ, ಹಿಡಿ ಸಡಿಲವಾಗಿ ಬರುತ್ತೆ” ಅನ್ನಿ. ಮೆಕ್ಯಾನಿಕ್ ತಲೆಯೆತ್ತಿ ನೋಡುತ್ತಾನೆ. ಬರೀ ಕ್ಲಿಪ್ ಹೋದ ಕಡೆ ಇಡೀ ಲಾಕೇ ಹೋಗಿದೆ ಎಂದು ಹೇಳಲು ಅವನಿಗೂ ಬಾಯಿ ಬರುವುದಿಲ್ಲ.

ತಿಪಟೂರಿನ ಸೋದರಿ ಮೊದಲು ಆ ಉಗುರಿನಷ್ಟು ಗುಂಡಿಯನ್ನು ನೋಡಲಿ. ಅಷ್ಟರಲ್ಲೇ ಸರಿಹೋದರೆ ಸಂತೋಷ, ಇಲ್ಲವಾದರೆ ಈ ವಾರವೇ ಗ್ಯಾರೇಜು. ದೇವಸ್ಥಾನದ ಮುಂದೆ ಅತ್ತೆಯವರು ತಮ್ಮ ಬಾಗಿಲನ್ನು ತಾವೇ ತೆರೆದು ಇಳಿಯುವಂತಾಗಲಿ.

ಮುಂದಿನ ಸಂಚಿಕೆಯಲ್ಲಿ: ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಯಾವಾಗ ಬದಲಿಸಬೇಕು?